ಎಲ್‌ಕೆಜಿಯಲ್ಲಿ ಹೊಡೆದಾಟ: ‘ಶಾಂತಿ ಮೂಲೆ’ ಮಾಡಿದವರು ಅನುಭವ ಹೇಳಿ

ಗುಬ್ಬಿ ಎಲ್‌ಕೆಜಿ: 26 ಮಕ್ಕಳು, ಒಂದೇ ಕೋಣೆ. ತಳ್ಳೋದು, ಕಚ್ಚೋದು, ಸಾಮಾನು ಕಿತ್ಕೊಳ್ಳೋದು ದಿನಾ ಇದ್ದದ್ದೇ. ಸಿಟ್ಟು ಬಂದ ಮಗು ಕೂತು ತಣ್ಣಗಾಗೋಕೆ ಚಾಪೆ ಹಾಕಿ ಒಂದು ಶಾಂತಿ ಮೂಲೆ ಮಾಡೋಣ ಅಂತಿದ್ದೀನಿ. 1,500 ರೂಪಾಯಿ ಒಳಗೆ ಆಗುತ್ತಾ?

ತಿಪಟೂರು ಮಿಸ್: ಚಾಪೆ 250, ದಿಂಬು ಎರಡಕ್ಕೆ 300, ಒಡೆಯದ ಅಕ್ರಿಲಿಕ್ ಕನ್ನಡಿ 180. ದುಡ್ಡು ತಿನ್ನೋದು ಮಿನುಗಿನ ಬಾಟಲಿ, ಅಲ್ಲಾಡಿಸಿ ಮಿನುಗು ನಿಧಾನಕ್ಕೆ ಇಳಿಯೋದನ್ನ ನೋಡ್ತಾ ಮಗು ತಣ್ಣಗಾಗೋಕೆ. ಅರ್ಧ ಲೀಟರ್ ಬಾಟಲಿಗೆ ಮುಕ್ಕಾಲು ಭಾಗ ಬಿಸಿನೀರು, ಕಾಲು ಭಾಗ ಪಾರದರ್ಶಕ ಗೋಂದು, ಎರಡು ಚಮಚ ಮಿನುಗು ಪುಡಿ. ಬಿಳಿ ಗೋಂದು ಹಾಕಿದ್ರೆ ನೀರು ಹಾಲಿನ ಥರ ಆಗಿ ಏನೂ ಕಾಣಲ್ಲ. ನಮ್ಮಲ್ಲಿ ಮೂರು ಬಾಟಲಿ ಹಾಗೇ ಹಾಳಾಗಿ 210 ರೂಪಾಯಿ ಮೋರಿ ಪಾಲು. ಗೋಂದು ಕಮ್ಮಿ ಆದ್ರೆ ಪುಡಿ ತಕ್ಷಣ ತಳ ಸೇರುತ್ತೆ. ಮುಚ್ಚಳಕ್ಕೆ ಎಂ-ಸೀಲ್ ಮೆತ್ತಿ, ಇಲ್ದಿದ್ರೆ ಕುಡೀತಾವೆ.

ಶಿಡ್ಲಘಟ್ಟ ಅಂಗನವಾಡಿ: ಬಾಟಲಿಗೆ ಯಾಕಷ್ಟು ಖರ್ಚು? ಮಂಜರಪಾಟ್ ಬಟ್ಟೇಲಿ ಅಂಗೈ ಅಗಲದ ಚೀಲ ಹೊಲಿದು 200 ಗ್ರಾಂ ರಾಗಿ ತುಂಬಿ. ಹಿಸುಕ್ತಾ ಹಿಸುಕ್ತಾ ಮಗು ಉಸಿರು ನಿಧಾನ ಮಾಡುತ್ತೆ. ಅಕ್ಕಿ ಬೇಡ, ಹುಳ ಬೀಳುತ್ತೆ. ಹೊಲಿಗೆ ಎರಡು ಸುತ್ತು ಇರ್ಲಿ. ಬಿಚ್ಚಿದ್ರೆ ಕಾಳು ನೇರ ಮೂಗಿಗೆ. ಮೇಲೊಂದು ಗವುಸು ಹಾಕಿ ಶನಿವಾರ ಅದನ್ನಷ್ಟೇ ಒಗೀರಿ. ಇನ್ನೊಂದು, ‘ಹೋಗಿ ಮೂಲೇಲಿ ಕೂತ್ಕೋ’ ಅಂದ ದಿನಾನೇ ಅದು ಶಿಕ್ಷೆ ಮೂಲೆ ಆಗೋಯ್ತು. ಟೀಚರ್ ಜೊತೇಲಿ ಹೋಗಿ ಪಕ್ಕದಲ್ಲಿ ಕೂರಬೇಕು.

ತಿಪಟೂರು ಮಿಸ್: 26 ಮಕ್ಕಳನ್ನ ಬಿಟ್ಟು ಒಬ್ಬರ ಪಕ್ಕ ಕೂರೋಕೆ ಆಗುತ್ತೇನ್ರೀ? ಅದಕ್ಕೇ ಬಾಟಲಿ ಬೇಕಾಗಿರೋದು.

ಮುಳಬಾಗಿಲು ಸರ್: ಇಬ್ಬರೂ ಮೂಲೆ ಬಗ್ಗೇನೇ ಮಾತಾಡ್ತಿದ್ದೀರಿ. ಜಗಳ ಹುಟ್ಟೋದು ಕಾಯೋ ಜಾಗದಲ್ಲಿ. ಊಟಕ್ಕೆ ಮುಂಚೆ ಒಂದೇ ನಲ್ಲಿ ಮುಂದೆ ಎಲ್ಲರನ್ನೂ ನಿಲ್ಲಿಸಿದ್ರೆ ತಳ್ಳದೆ ಇನ್ನೇನು ಮಾಡ್ತಾವೆ? ಐದೈದು ಮಕ್ಕಳನ್ನ ಕಳಿಸಿ, ಉಳಿದವರು ಹಾಡು ಹೇಳ್ತಾ ಕೂತಿರಲಿ. ಜಾಸ್ತಿ ಜಗಳ ಆಗೋ ಸಾಮಾನು, ಅದೇ ಬಣ್ಣದ್ದು, ಎರಡು ಇಡಿ. ಕೆಂಪು ಲಾರಿ ಒಂದು, ನೀಲಿ ಲಾರಿ ಒಂದು ಇಟ್ರೆ ಎಲ್ಲಕ್ಕೂ ಕೆಂಪೇ ಬೇಕು. ‘ಐದು ನಿಮಿಷ’ ಅಂದ್ರೆ ಮೂರು ವರ್ಷದ ಮಗೂಗೆ ಗೊತ್ತಾಗಲ್ಲ. ‘ಹಾಡು ಎರಡು ಸಲ ಮುಗಿದ ಮೇಲೆ ನಿಂದು’ ಅನ್ನಿ.

ತುಮಕೂರು ಮಾಂಟೆಸ್ಸರಿ: ಎರಡು ಇಟ್ಟು ಕಾಯೋದನ್ನೇ ಕಲಿಸದೆ ಬಿಡ್ತಿದ್ದೀರಿ ಸರ್. ಮಾಂಟೆಸ್ಸರಿ ಪದ್ಧತೀಲಿ ಪ್ರತಿ ಸಾಮಾನೂ ಒಂದೊಂದೇ ಇರುತ್ತೆ. 1907ರಲ್ಲಿ ರೋಮ್‌ನಲ್ಲಿ ಮರಿಯಾ ಮಾಂಟೆಸ್ಸರಿ ಶುರು ಮಾಡಿದ ‘ಮಕ್ಕಳ ಮನೆ’ ಶಾಲೆಗೆ ಬಂದಿದ್ದೂ ಬಡವರ ಮಕ್ಕಳೇ.

ಮುಳಬಾಗಿಲು ಸರ್: ನಿಮ್ಮ ಕಪಾಟಲ್ಲಿ ಹತ್ತಾರು ಬಗೆ ಸಾಮಾನು ಇರುತ್ತೆ, ಒಂದು ಸಿಗದಿದ್ರೆ ಮಗು ಇನ್ನೊಂದು ತಗೊಳ್ಳುತ್ತೆ. ನಮ್ಮಲ್ಲಿ ಇರೋದೇ ಏಳು ಸಾಮಾನು. ಕಪಾಟು ತುಂಬಿದವರು ಕಾಯೋ ಪಾಠ ಹೇಳಬೇಡಿ.

ಬಾಗೇಪಲ್ಲಿ ಅಂಗನವಾಡಿ: ಕಚ್ಚೋ ಮಗೂಗೆ ಬಹಳ ಸಲ ಮಾತಿಲ್ಲ, ಅಷ್ಟೇ. ನಮ್ಮ ಕಡೆ ಮನೇಲಿ ತೆಲುಗು, ಅಂಗನವಾಡಿಗೆ ಬಂದ್ರೆ ಕನ್ನಡ. ‘ನಂಗೆ ಕೊಡು’, ‘ನಂದಿನ್ನೂ ಮುಗಿದಿಲ್ಲ’, ‘ಬೇಡ’ ಈ ಮೂರನ್ನ ಮೊದಲ ವಾರಾನೇ ಕೈಸನ್ನೆ ಸಮೇತ ಹೇಳ್ಕೊಡಿ. ‘ಬೇಡ’ ಅನ್ನೋಕೆ ತೆಲುಗಲ್ಲಿ ‘ವದ್ದು’ ಅಂದ್ರೂ ಒಪ್ಕೊಳ್ಳಿ. ಕಚ್ಚಿದಾಗ ಮೊದಲು ಕಚ್ಚಿಸ್ಕೊಂಡ ಮಗು ಹತ್ರ ಹೋಗಿ. ಕಚ್ಚಿದವನಿಂದ ಬಲವಂತಕ್ಕೆ ‘ಸಾರಿ’ ಹೇಳಿಸಬೇಡಿ, ತಣ್ಣೀರು ಬಟ್ಟೆ ಅವನ ಕೈಲೇ ತರಿಸಿ.

ಚಿಂತಾಮಣಿ ಪೋಷಕ: ಅಂಗನವಾಡೀಲೂ ತೆಲುಗು ಮಾತಾಡಿದ್ರೆ ಮಕ್ಕಳು ಕನ್ನಡ ಕಲಿಯೋದು ಯಾವಾಗ?

ಬಾಗೇಪಲ್ಲಿ ಅಂಗನವಾಡಿ: ಅಳ್ತಿರೋ ಮಗೂನ ಭಾಷೆ ತಿದ್ದಬೇಡಿ ಅಣ್ಣ. ‘ವದ್ದು’ ಅಂದಾಗ ನಾವು ‘ಬೇಡ್ವಾ? ಸರಿ’ ಅಂತೀವಿ. ಕೇಳ್ತಾ ಕೇಳ್ತಾ ಕನ್ನಡ ಬರುತ್ತೆ.

ತಿಪಟೂರು ಮಿಸ್: ಕೇಳಿದ್ದು ಮೂಲೆ ಬಗ್ಗೆ, ಭಾಷೆ ಜಗಳ ಬೇರೆ ಕಡೆ ಆಡಿ.

ಗುಬ್ಬಿ ಎಲ್‌ಕೆಜಿ: ಎಲ್ಲರಿಗೂ ಥ್ಯಾಂಕ್ಸ್. ಚಾಪೆ ಬಾಗಿಲ ಪಕ್ಕ ಹಾಕ್ಲಾ, ಕಿಟಕಿ ಪಕ್ಕಾನಾ?

ಶಿಡ್ಲಘಟ್ಟ ಅಂಗನವಾಡಿ: ಬಾಗಿಲ ಪಕ್ಕ ಬೇಡ ಅಕ್ಕ, ಓಡಾಡೋರು ತುಳೀತಾರೆ. ಕಿಟಕಿ ಕೆಳಗೆ ಹಾಕಿ, ನೀವು ಎಲ್ಲಿ ನಿಂತ್ರೂ ಮಗು ಮುಖ ಕಾಣೋ ಹಾಗೆ.