ಸಲಿಂಗ ಮದುವೆ: ಧರ್ಮಗಳ ಮನಸ್ಸು ಬದಲಾಗುತ್ತಾ?

ಪ್ರಶ್ನೆ: ಮೊನ್ನೆ ತಮ್ಮ ತನ್ನ ಸಂಗಾತಿಯನ್ನು ಮನೆಗೆ ಕರೆದುಕೊಂಡು ಬಂದ. ಅಮ್ಮ ಮಾತಾಡಲಿಲ್ಲ, ಆದರೆ ಇಬ್ಬರಿಗೂ ತಟ್ಟೆ ಇಟ್ಟರು. ಧರ್ಮ ಒಪ್ಪಲ್ಲ ಅಂತ ಅಪ್ಪ ಎದ್ದು ಹೋದರು. ಇದು ಯಾವತ್ತಾದರೂ ಬದಲಾಗುತ್ತಾ?

ಉತ್ತರ 1: ಖಂಡಿತ. 2001ರಲ್ಲಿ ನೆದರ್‌ಲ್ಯಾಂಡ್ಸ್ ಮೊದಲು ಕಾನೂನು ತಂದಿತು. ಕ್ಯಾಥೊಲಿಕರೇ ಜಾಸ್ತಿ ಇರುವ ಐರ್ಲೆಂಡ್‌ನಲ್ಲಿ 2015ರಲ್ಲಿ ಜನಮತ ಕೇಳಿದಾಗ, ಬಿಷಪ್‌ಗಳು ಬೇಡ ಅಂದಿದ್ದರೂ, ಮತ ಹಾಕಿದವರಲ್ಲಿ ನೂರಕ್ಕೆ 62 ಮಂದಿ ಹೌದು ಅಂದರು.

ಉತ್ತರ 2: ಜನ ಬದಲಾದರು, ಚರ್ಚ್ ಅಷ್ಟು ಬದಲಾಗಿಲ್ಲ ಅಲ್ವಾ? 2023ರಲ್ಲಿ ಇಂಥ ಜೋಡಿಗಳನ್ನು ಆಶೀರ್ವದಿಸಲು ಪೋಪ್ ಫ್ರಾನ್ಸಿಸ್ ಒಪ್ಪಿದರು, ಮದುವೆಗಲ್ಲ. ನನಗೆ ಅದು ಸಾಲದು.

ಉತ್ತರ 3: ನಮ್ಮಪ್ಪನಿಗೆ ಆರು ವರ್ಷ ಹಿಡಿಯಿತು. ಯಾವ ವಾದಕ್ಕೂ ಬಗ್ಗಲಿಲ್ಲ. ಅವರು ಆಸ್ಪತ್ರೆಯಲ್ಲಿದ್ದಾಗ ಅಕ್ಕನ ಸಂಗಾತಿ ರಾತ್ರಿಯೆಲ್ಲ ಪಕ್ಕದಲ್ಲಿ ಕೂತು ನೀರು ಕುಡಿಸಿದಳು. ಈಗ ಅವಳನ್ನು ಮಗಳೇ ಅಂತಾರೆ.