ಮಗುವಿನ ದಮ್ಮಿಗೆ ಮೊಬೈಲ್ ಆ್ಯಪ್: ಬಳಸಿದವರು ಹೇಳಿ

ಗಂಗಾವತಿಯಿಂದ ಪ್ರಶ್ನೆ: ಮಗಳಿಗೆ 6 ವರ್ಷ. ಅಸ್ತಮಾ ಅಂತ ಡಾಕ್ಟರು ದಿನಾ ಎರಡು ಹೊತ್ತು ಇನ್ಹೇಲರ್ ಬರೆದಿದ್ದಾರೆ. ನೆನಪಿಸೋಕೆ, ಲೆಕ್ಕ ಇಡೋಕೆ ಆ್ಯಪ್ ಹಾಕಿಕೊಂಡರೆ ನಿಜಕ್ಕೂ ಉಪಯೋಗ ಇದೆಯಾ?

ಕೊಪ್ಪಳದಿಂದ: ಇದೆ. ನಮಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಅದರ ಡೈರಿ. ಮಗ ರಾತ್ರಿ ಕೆಮ್ಮಿ ಎದ್ದನಾ, ಆಟ ಅರ್ಧಕ್ಕೆ ಬಿಟ್ಟು ಕೂತನಾ, ದಮ್ಮು ಬಂದಾಗ ಕೊಡುವ ನೀಲಿ ಸಾಲ್ಬುಟಮಾಲ್ ಇನ್ಹೇಲರ್ ಎಷ್ಟು ಸಲ ಬೇಕಾಯ್ತು, ಇಷ್ಟನ್ನು ಮಲಗುವ ಮುಂಚೆ ಒತ್ತಿಬಿಡುತ್ತೇವೆ. ಡಾಕ್ಟರು "ಹೇಗಿದ್ದಾನೆ" ಅಂದಾಗ ಫೋನನ್ನೇ ಮುಂದೆ ಇಡುತ್ತೇವೆ. ಅದನ್ನು ನೋಡಿಯೇ ಅವರು ಡೋಸ್ ಬದಲಿಸಿದ್ದು. ನಿಮ್ಮ ಮಗಳ ವಯಸ್ಸಿನವರಿಗೆ ನೀಲಿ ಇನ್ಹೇಲರ್ ವಾರಕ್ಕೆ 2 ಸಲಕ್ಕಿಂತ ಜಾಸ್ತಿ ಬೇಕಾಗುತ್ತಿದ್ದರೆ ಅಸ್ತಮಾ ಹಿಡಿತಕ್ಕೆ ಬಂದಿಲ್ಲ ಅಂತಲೇ ಲೆಕ್ಕ.

ದಿನಾ ಕೊಡುವ ಇನ್ಹೇಲರಿನಲ್ಲಿ ಸಾಮಾನ್ಯವಾಗಿ ಬ್ಯುಡೆಸೊನೈಡ್ ತರಹದ ಸ್ಟೀರಾಯ್ಡ್ ಇರುತ್ತದೆ. ಉಸಿರುನಾಳದ ಊತ ಇಳಿಸೋದು ಅದೇ. ಮಗು ಆರಾಮಿದೆ ಅಂತ ನಾವೇ ನಿಲ್ಲಿಸಿದರೆ ಊತ ಮತ್ತೆ ಏರುತ್ತದೆ. ಹಾಗಾಗಿ ಮಗು ಆರಾಮಾಗಿರುವ ದಿನಗಳಲ್ಲೇ ನೆನಪಿಸುವವರು ಬೇಕು. ಅದಕ್ಕೆ ಸಾದಾ ಅಲಾರಂ ಸಾಕು. ಹಲ್ಲುಜ್ಜುವ ಮುಂಚೆಗೇ ಇಡಿ. ಸ್ಟೀರಾಯ್ಡ್ ತಗೊಂಡ ಮೇಲೆ ಹೇಗೂ ಬಾಯಿ ಮುಕ್ಕಳಿಸಬೇಕಲ್ವಾ?

ಸಿಂಧನೂರಿನಿಂದ: ನಮ್ಮನೆಯಲ್ಲಿ ಔಷಧಿ ಕೊಡೋದು ಅಜ್ಜಿ. ನಾವು ಹಾಕಿದ ಆ್ಯಪ್ ಪೂರ್ತಿ ಇಂಗ್ಲಿಷ್. ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಹಾಕುತ್ತಾರೆ, ರಾತ್ರಿ ನಾನು ಫೋನಿಗೆ ಏರಿಸುತ್ತೇನೆ. ಚೆನ್ನಾಗಿ ನಡೆಯುತ್ತಿದೆ.

ರಾಯಚೂರಿನಿಂದ: ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್ ಗಾಳಿಯ ಗುಣಮಟ್ಟ ತೋರಿಸುತ್ತದೆ. ಆದರೆ ಅದು ಅಳತೆ ಕೇಂದ್ರದ ಸುತ್ತಲಿನ ಗಾಳಿ. ನಿಮ್ಮ ಓಣಿಗೆ ರೈಸ್ ಮಿಲ್ಲಿನ ಹೊಟ್ಟಿನ ಧೂಳು ಬರುತ್ತಿದ್ದರೆ, ಪಕ್ಕದ ಗದ್ದೆಯಲ್ಲಿ ಹುಲ್ಲು ಸುಡುತ್ತಿದ್ದರೆ ಅದು ಅಲ್ಲಿ ಕಾಣೋದಿಲ್ಲ. ಅಂಥ ದಿನಗಳನ್ನು ನೀವೇ ಡೈರಿಯಲ್ಲಿ ಬರೆಯಿರಿ. ಯಾವುದರಿಂದ ಕೆಮ್ಮು ಕೆರಳುತ್ತದೆ ಅನ್ನೋದು ನಮಗೆ ಹಾಗೇ ತಿಳಿದದ್ದು.

ಬಳ್ಳಾರಿಯಿಂದ, ಮಕ್ಕಳ ವಾರ್ಡಿನ ನರ್ಸ್: ಆ್ಯಪಿಗಿಂತ ಮುಂಚೆ ಸ್ಪೇಸರ್ (ಇನ್ಹೇಲರಿನ ಬಾಯಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಬಳಸೋದನ್ನು ಗಟ್ಟಿ ಮಾಡಿಕೊಳ್ಳಿ. ತಪ್ಪಾಗಿ ಹಿಡಿದರೆ ಔಷಧಿ ಪುಪ್ಪುಸಕ್ಕೆ ಹೋಗೋದೇ ಇಲ್ಲ, ಡೈರಿಯಲ್ಲಿ ಮಾತ್ರ ಕೊಟ್ಟ ಹಾಗೆ ಇರುತ್ತದೆ. ನೀವು ಕೊಡುವಾಗ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ. ಇನ್ನೊಂದು ಮಾತು: ಮಗುವಿಗೆ ಮಾತಾಡೋಕೂ ಉಸಿರು ಸಾಲದಿದ್ದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ ಯಾವ ಆ್ಯಪನ್ನೂ ತೆರೆಯುತ್ತ ಕೂರಬೇಡಿ. ನೀಲಿ ಇನ್ಹೇಲರನ್ನು ಸ್ಪೇಸರಿನಲ್ಲಿ ಕೊಡುತ್ತಲೇ 108ಕ್ಕೆ ಕರೆ ಮಾಡಿ.