ಈರುಳ್ಳಿ ರಿಂಗ್ ಗರಿಗರಿಯಾಗೇ ಉಳೀಬೇಕಂದ್ರೆ

ಪುಟ್ಟಿ, ಚಿಕ್ಕಮ್ಮ ಮಾತಾಡ್ತಿರೋದು. ನಿನ್ನ ಮೆಸೇಜ್ ಈಗ ಕೇಳಿದೆ ಕಣೇ. ಈರುಳ್ಳಿ ರಿಂಗ್ ಬಾಣಲೆಯಿಂದ ತೆಗೆದಾಗ ಗರಿಗರಿ, ತಟ್ಟೆಗೆ ಬರೋಷ್ಟರಲ್ಲಿ ಮೆತ್ತಗೆ, ಕಚ್ಚಿದ್ರೆ ಈರುಳ್ಳಿ ಒಂದ್ಕಡೆ ಹಿಟ್ಟು ಒಂದ್ಕಡೆ ಅಂದ್ಯಲ್ಲ, ಟೈಪ್ ಮಾಡಿದ್ರೆ ಮುಗಿಯಲ್ಲ, ಹೇಳೇಬಿಡ್ತೀನಿ.

ಎಲ್ಲಾ ತಾಪತ್ರಯ ನೀರಿಂದಾನೇ. ಈರುಳ್ಳಿಯಲ್ಲಿ ನೂರಕ್ಕೆ ಹತ್ರತ್ರ 90 ಪಾಲು ನೀರು. ಹೆಚ್ಚಿದ ಮೇಲೆ ಉಪ್ಪು ಉದುರಿಸಿಟ್ಟೆ ಅಂದೆ. ಪಕೋಡಕ್ಕಾದ್ರೆ ಅದು ಸರಿ, ಬಿಟ್ಟ ನೀರಲ್ಲೇ ಕಡ್ಲೆಹಿಟ್ಟು ಕಲೆಸ್ತೀವಿ. ರಿಂಗಿಗೆ ಮಾತ್ರ ಉಪ್ಪು ಹಿಟ್ಟಿಗೇ ಹಾಕ್ಬೇಕು.

ಗಡ್ಡೆ ದಪ್ಪಗಿರಲಿ, ಒತ್ತಿದ್ರೆ ಗಟ್ಟಿ ಇರಲಿ, ಕುತ್ತಿಗೆ ಒಣಗಿರಲಿ. ನಮ್ಮ ಕಡೂರು, ಅಜ್ಜಂಪುರದ ಮಳೆಗಾಲದ ಬೆಳೆ ಘಾಟಾಗಿ ಚೆನ್ನಾಗೇ ಇರುತ್ತೆ, ಆದ್ರೆ ಹೊಸದರಲ್ಲಿ ನೀರು ಜಾಸ್ತಿ. ತಂದ್ಮೇಲೆ ನಾಲ್ಕು ದಿನ ಗಾಳಿಗೆ ಹರಡು.

ಅರ್ಧ ಬೆರಳು ದಪ್ಪ ಹೆಚ್ಚಿ ಬಳೆಬಳೆಯಾಗಿ ಬಿಡಿಸ್ಕೋ. ಇಲ್ಲೊಂದು ವಿಷಯ ಯಾರೂ ಹೇಳಲ್ಲ. ಒಂದೊಂದು ಬಳೆಯ ಒಳಮೈಗೂ ಗಾಜಿನ ಹಾಳೆ ಥರ ತೆಳ್ಳಗೆ ಪೊರೆ ಅಂಟಿರುತ್ತೆ, ಉಗುರಲ್ಲಿ ಎಬ್ಬಿಸಿದ್ರೆ ಸರ್‍ರನೆ ಬರುತ್ತೆ. ಹಿಟ್ಟು ಜಾರೋದು ಅದ್ರ ಮೇಲೇನೇ. ಅದನ್ನ ತೆಗೆದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಒಣ ಮೈದಾದಲ್ಲಿ ಹೊರಳಿಸಿ ಕೊಡವು. ಆಮೇಲೆ ಅದ್ದು.

ಹಿಟ್ಟಿಗೆ ಮೈದಾ, ಅಕ್ಕಿಹಿಟ್ಟು ಸಮಸಮ, ಒಂದು ಚಮಚ ಕಾರ್ನ್‌ಫ್ಲೋರ್, ಉಪ್ಪು, ಖಾರದ ಪುಡಿ. ಮೈದಾ ಒಂದೇ ಆದ್ರೆ ಜಿಗುಟು. ಕೋಡುಬಳೆಗೆ ಅಕ್ಕಿಹಿಟ್ಟು ಯಾಕೆ ಹಾಕ್ತೀವಿ ಹೇಳು? ಎಣ್ಣೆ ಕಾದ್ಮೇಲೇ ಫ್ರಿಜ್ಜಿನ ತಣ್ಣನೆ ಸೋಡಾ ಹೊಯ್ದು ಕಲೆಸು. ಗಂಟು ಗಂಟಿದ್ರೂ ಬಿಡು, ತಿರುವಿದಷ್ಟೂ ಜಿಗುಟಾಗೋದು. ಬ್ರೆಡ್ ಪುಡಿ ಹಚ್ಚೋದು ನಂಗೆ ಹಿಡಿಸಲ್ಲ, ಎಣ್ಣೆ ಕುಡಿಯುತ್ತೆ, ಈರುಳ್ಳಿ ರುಚಿನೂ ಮುಚ್ಚಿಹಾಕುತ್ತೆ.

ಎಣ್ಣೆ 180 ಡಿಗ್ರಿ ಹತ್ರ ಇರ್ಬೇಕು. ಒಂದು ತೊಟ್ಟು ಹಿಟ್ಟು ಬಿಟ್ರೆ ಕೆಳಗಿಳಿದು ತಕ್ಷಣ ಮೇಲೇಳ್ಬೇಕು, ಅಷ್ಟೇ ಗುರುತು. ಸಲಕ್ಕೆ ನಾಲ್ಕೈದೇ ಬಿಡು, ಜಾಸ್ತಿ ಹಾಕಿದ್ರೆ ಎಣ್ಣೆ ತಣಿಯುತ್ತೆ. ಬಣ್ಣ ಬಂತು ಅಂತ ತೆಗೀಬೇಡ, ಸದ್ದು ಕೇಳು. ಚೊರಚೊರ ಅನ್ನೋದು ನೀರು ಹೋಗೋ ಸದ್ದು. ಅದು ಇಳಿದು, ನೊರೆ ಕಮ್ಮಿಯಾದ್ಮೇಲೆ ತೆಗಿ.

ತೆಗೆದಿದ್ದನ್ನ ಪೇಪರ್ ಮೇಲೆ ರಾಶಿ ಹಾಕ್ಬೇಡ, ಹಾಟ್‌ಬಾಕ್ಸಿಗಂತೂ ಬೇಡವೇ ಬೇಡ, ತನ್ನ ಹಬೆಗೇ ಮೆತ್ತಗಾಗುತ್ತೆ. ಜಾಲರಿ ಮೇಲೆ ಬಿಡಿಬಿಡಿಯಾಗಿ ಹರಡು. ನಿಮ್ಮ ಮೂಡಿಗೆರೆ ಮಳೇಲಿ ಗಾಳಿಯೇ ತೇವ, ಅದಕ್ಕೆ ಎರಡು ಸಲ ಕರಿ. ಮೊದಲು ಬಿಳಿಚಿಕೊಂಡಂಗೆ ಇರೋವಾಗ್ಲೇ ತೆಗೆದಿಡು. ಭಾನುವಾರ ಅಣ್ಣ ಅತ್ತಿಗೆ ಬಂದು ಕೂತ್ಮೇಲೆ ಜೋರು ಉರೀಲಿ ಒಂದು ನಿಮಿಷ ಮತ್ತೆ ಬಿಟ್ಟು, ನೇರ ತಟ್ಟೆಗೆ ಹಾಕು.

ಮತ್ತೆ, ನಡುವಿನ ಸಣ್ಣ ಸಣ್ಣ ಬಳೆ ಎಸೀಬೇಡ ಕಣೇ, ಬೆಳಿಗ್ಗೆ ಉಪ್ಪಿಟ್ಟಿಗಾಗುತ್ತೆ.